ಸಿಂದಗಿ ಸಂತೆಯ ಒಣಮೀನು

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ. ಸರಕಾರ ಅವನನ್ನು ಎಲ್ಲಿಗೆ ಎತ್ತಿ ಒಗೆಯುತ್ತಿತ್ತೋ ಅಲ್ಲಿಗೆ ಅವ್ವ ಮತ್ತು ನಾನು ಹಾಸಿಗೆಯ ಸುರುಳಿ, ಪಾತ್ರೆಯ ಚೀಲ ಹೊತ್ತು ಹಿಂದಿನಿಂದ ಹೋಗುತ್ತಿದ್ದೆವು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಈ ನಾಲ್ಕೂ ಊರುಗಳಲ್ಲಿ ನಾವು ಬಾಡಿಗೆ ಮನೆ ಹಿಡಿದಿದ್ದೇವೆ, ನಾಲ್ಕೂ ಊರುಗಳಲ್ಲಿ ಬಿಟ್ಟಿದ್ದೇವೆ. ಬಿಟ್ಟೆವು ಅನ್ನುವುದು ಸುಳ್ಳು, ಬಿಡಿಸಿದರು. ಕಾರಣ ಹೆಚ್ಚುಕಡಿಮೆ ಒಂದೇ. ನಮ್ಮ ಒಲೆಯ ಮೇಲೆ ಸುಡುತ್ತಿದ್ದ ಒಣಮೀನಿನ ವಾಸನೆ.

ನಾವು ಬೌದ್ಧರು. ಅಜ್ಜ ಆ ದಾರಿ ಹಿಡಿದವನು. ಅದಕ್ಕೂ ಮುಂಚೆ ನಾವು ಯಾರಾಗಿದ್ದೆವು ಎಂಬುದನ್ನು ಊರವರು ಮರೆತಿರಲಿಲ್ಲ. ಮಾಸ್ತರ ಎಂಬ ಹೆಸರಿಗೆ ಮನೆ ಸಿಗುತ್ತಿತ್ತು. ವಾಸನೆ ಬಂದ ದಿನ ಆ ಹೆಸರು ಕೆಲಸಕ್ಕೆ ಬರುತ್ತಿರಲಿಲ್ಲ.

ಸಮುದ್ರ ನಮ್ಮ ಸೀಮೆಯಿಂದ ಬಹಳ ದೂರ. ಆದರೂ ಅದರ ಮೀನು ನಮ್ಮ ಸಂತೆಗೆ ಬರುತ್ತಿತ್ತು. ಸೊಲ್ಲಾಪುರದ ಕಡೆಯಿಂದ ಬೊಂಬಿಲ, ಕಾರವಾರದ ಕಡೆಯಿಂದ ಬೂತಾಯಿ, ಎಲ್ಲಿಂದಲೋ ಸುಕಟ ಎಂದು ನಾವು ಕರೆಯುವ ಒಣ ಸಣ್ಣ ಸಿಗಡಿ. ಬೊಂಬಿಲವನ್ನು ಅವ್ವ ಕೆಂಡದ ಮೇಲೆ ಸುಟ್ಟು, ಕೆಂಪು ಖಾರ, ಬಳ್ಳೊಳ್ಳಿ ಹಾಕಿ ಕಲ್ಲಿನಲ್ಲಿ ಜಜ್ಜುತ್ತಿದ್ದಳು. ಬಿಸಿ ಜೋಳದ ರೊಟ್ಟಿಯ ಜೊತೆ ಅದು ಒಂದು ಚಿಟಿಕೆ ಇದ್ದರೆ ಸಾಕು, ಇನ್ನೊಂದು ರೊಟ್ಟಿ ತಾನೇ ಒಳಗಿಳಿಯುತ್ತಿತ್ತು. ಮಳೆ ಹಿಡಿದು ಸಂತೆಗೆ ಕಾಯಿಪಲ್ಲೆ ಬಾರದಿದ್ದಾಗ ನಮಗೆ ಅದೇ ಪಲ್ಲೆ, ಅದೇ ಮಾಂಸ.

ಬಾಗೇವಾಡಿಯ ಮನೆಯ ಒಂದು ಸಂಜೆ ಚೆನ್ನಾಗಿ ನೆನಪಿದೆ. ನಾನಾಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಮನೆಯ ಒಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಮಾಸ್ತರ್ರ, ಏನೋ ಹೊಲಸ ವಾಸನಿ ಬರಾಕತ್ತೈತಲ್ರಿ ನಿಮ್ಮ ಕಡಿಂದ?"

ಅಪ್ಪ ಎದ್ದು ನಿಂತು ಎರಡೂ ಕೈ ಹಿಸುಕಿಕೊಂಡ. "ಎಲ್ಲೋ ಇಲಿ ಸತ್ತಿರಬೇಕ್ರಿ ಬಾಯಾರ. ಹುಡುಕಸ್ತೇನಿ."

ಒಳಗಿನಿಂದ ಅವ್ವ ಬಂದಳು. ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಅರ್ಧ ಸುಟ್ಟ ಬೊಂಬಿಲ.

"ಇಲಿ ಅಲ್ರಿ, ಮೀನ. ಸಮುದ್ರದ ಮೀನ. ಸುಡಾಕತ್ತೇನಿ," ಎಂದಳು.

ಆ ವಾರದೊಳಗೆ ನಾವು ಮತ್ತೆ ಗಂಟು ಕಟ್ಟಿದೆವು. ಎತ್ತಿನ ಗಾಡಿಯ ಹಿಂದೆ ನಡೆಯುವಾಗ ಅಪ್ಪ ಗೊಣಗಿದ. "ಬಾಗಲಾ ಹಾಕ್ಕೊಂಡು ಸುಟ್ಟಿದ್ರ ಏನ ಗಂಟ ಹೋಗ್ತಿತ್ತು?"

"ಬಾಗಲಾ ಹಾಕ್ಕೊಂಡು ತಿನ್ನಾಕ ನಾ ಏನ ಕಳವು ಮಾಡೇನೇನು?" ಎಂದು ಅವ್ವ ಕೇಳಿದಳು. ಅಪ್ಪ ಗಾಡಿಯಿಂದ ಜಾರುತ್ತಿದ್ದ ಹಾಸಿಗೆಯ ಸುರುಳಿಯನ್ನು ಒಳಗೆ ತಳ್ಳಿದ. ನನಗೆ ಮಾತ್ರ ಆ ಪ್ರಶ್ನೆ ಬಹಳ ಇಷ್ಟವಾಯಿತು. ಶಾಲೆಯಲ್ಲಿ ಯಾರಾದರೂ ನನ್ನ ಬುತ್ತಿ ನೋಡಿ ಮೂಗು ಮುರಿದರೆ ನಾನೂ ಅದನ್ನೇ ಕೇಳುತ್ತಿದ್ದೆ, ಕೇಳಿ ಪಟ್ಟಾಗಿ ಕೂತು ತಿನ್ನುತ್ತಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ ಮುದ್ದೇಬಿಹಾಳದಲ್ಲಿ ಪಿಯುಸಿ ವಿಜ್ಞಾನ ಮುಗಿಸಿದಾಗ ಅಪ್ಪನಿಗೆ ನಾನು ಟಿಸಿಎಚ್ ಮಾಡಿ ಟೀಚರ ಆಗಬೇಕೆಂದಿತ್ತು. ನಾನು ಕೃಷಿ ಪದವಿಗಳ ಅರ್ಜಿ ತುಂಬಿದೆ. ಅದರಲ್ಲಿ ಮೀನುಗಾರಿಕೆ ವಿಜ್ಞಾನ ಎಂಬ ಒಂದು ಸಾಲಿತ್ತು. ಮೀನಿಗೂ ಒಂದು ಕಾಲೇಜು ಇದೆ ಎಂಬುದೇ ನನಗೆ ನಗು ತರಿಸಿತು. ಆಮೇಲೆ ಸಿಟ್ಟು ತರಿಸಿತು. ಯಾವುದನ್ನು ತಿಂದದ್ದಕ್ಕೆ ನಮ್ಮನ್ನು ಮನೆ ಬಿಡಿಸುತ್ತಾರೋ ಅದನ್ನೇ ಕಲಿಸಿ ಸರಕಾರ ಪದವಿ ಕೊಡುತ್ತದೆಯೇ? ಹಾಗಾದರೆ ಅದೇ ಬೇಕು ಎಂದು ಗುರುತು ಹಾಕಿದೆ. ಸೀಟು ಸಿಕ್ಕಿತು.

"ಮೀನಿನ ಸಾಲಿ ಕಲತು ಏನ ಆಗ್ತಿ?" ಎಂದ ಅಪ್ಪ.

"ಮೀನಿನ ಡಾಕ್ಟರ ಆಗ್ತಾಳ, ಬಿಡ್ರಿ ಹೋಗ್ಲಿ," ಎಂದಳು ಅವ್ವ. ಡಾಕ್ಟರ ಎಂಬ ಮಾತು ಕೇಳಿ ಅಪ್ಪ ಟ್ರಂಕು ಹುಡುಕಲು ಎದ್ದ.

ಕರಾವಳಿಯ ಆ ಕಾಲೇಜಿನಲ್ಲಿ ನಮ್ಮ ಕಡೆಯ ಹುಡುಗಿ ಎಂದರೆ ನಾನೊಬ್ಬಳೇ. ನನ್ನ ಮಾತು ಕೇಳಿದವರು, ಇವಳು ಯಾಕೆ ಯಾವಾಗಲೂ ಜಗಳ ಆಡುತ್ತಾಳೆ ಎಂದು ಕೇಳುತ್ತಿದ್ದರಂತೆ. ನಾನು ಬರೀ ನೀರು ಕೇಳಿರುತ್ತಿದ್ದೆ. ಒಣಗಿಸದ ಸಮುದ್ರಮೀನನ್ನು ಅದುವರೆಗೆ ನೋಡಿರಲಿಲ್ಲ. ಮ್ಯೂಸಿಯಮ್ಮಿನ ಜಾಡಿಯೊಂದರಲ್ಲಿ ಬಾಯಿ ಅಗಲವಾಗಿ ತೆರೆದ, ಮೈ ಲೋಳೆಯಂತೆ ಮೆತ್ತಗಿರುವ ಒಂದು ಬೆಳ್ಳನೆಯ ಮೀನಿತ್ತು. ಬೊಂಬಿಲ ಎಂದು ಮೇಷ್ಟ್ರು ಹೇಳಿದರು. ಅಲ್ಲವೇ ಅಲ್ಲ, ಬೊಂಬಿಲ ಕಟ್ಟಿಗೆಯ ಹಾಗೆ ಗಟ್ಟಿ ಇರುತ್ತದೆ ಎಂದು ನಾನು ವಾದಿಸಿದೆ. ಇಡೀ ತರಗತಿ ನಕ್ಕಿತು. ಅದರ ಮೈಯಲ್ಲಿ ಬಹುಪಾಲು ನೀರೇ ಇರುತ್ತದೆ, ಒಣಗಿದಾಗ ಉಳಿಯುವುದು ನೀನು ಕಂಡ ಕಟ್ಟಿಗೆ ಎಂದು ಮೇಷ್ಟ್ರು ವಿವರಿಸಿದರು. ತರಗತಿ ಮುಗಿದ ಮೇಲೂ ನಾನು ಆ ಜಾಡಿಯ ಮುಂದೆ ನಿಂತಿದ್ದೆ. ಇಷ್ಟು ವರ್ಷ ತಿಂದ ಮೀನಿನ ಮುಖ ಮೊದಲ ಸಲ ನೋಡಿದ ಹಾಗಾಗಿತ್ತು.

ರಜೆಗೆ ಊರಿಗೆ ಹೋದಾಗ ಅವ್ವ ಒಂದು ಪ್ರಶ್ನೆ ಕೇಳಿದಳು. "ಸಮುದ್ರದ ನೀರು ಅಷ್ಟು ಉಪ್ಪಿದ್ರ, ಮೀನಕ್ಕ ಮತ್ತ ಯಾಕ ಉಪ್ಪು ಹಚ್ಚಿ ಒಣಗಸ್ತಾರ?"

ಆ ವರ್ಷವೇ ಅದನ್ನು ಓದಿದ್ದೆ. ಸಮುದ್ರದ ಮೀನು ಉಪ್ಪುನೀರನ್ನೇ ಕುಡಿಯುತ್ತದೆ, ಆದರೆ ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಗೆ ತಳ್ಳುತ್ತಲೇ ಇರುತ್ತದೆ, ಹಾಗಾಗಿ ಅದರ ಮಾಂಸ ಉಪ್ಪಾಗುವುದಿಲ್ಲ ಎಂದು ಹೇಳಿದೆ. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದಳು.

"ಬದುಕಿರೂತನಕ ತಳ್ಳಕೋತ ಇರಬೇಕೇನು?"

"ಹೂಂ ಅವ್ವ. ನಿಲ್ಲಿಸಿದ್ರ ಸಾಯ್ತೈತಿ."

"ಗಟ್ಟಿ ಐತಿ ಮೀನ," ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಸೇರಿದಾಗ ಸಂಶೋಧನೆಯ ವಿಷಯ ಆರಿಸಬೇಕಾಗಿ ಬಂತು. ನನ್ನ ಮಾರ್ಗದರ್ಶಕರು ಕರಾವಳಿಯವರೇ, ಮೆಲುಮಾತಿನ ಮನುಷ್ಯ. ಆಗ ಎಲ್ಲರ ಬಾಯಲ್ಲೂ ಸಿಗಡಿ. ಸಿಗಡಿ ಸಾಕಣೆ, ಸಿಗಡಿ ರೋಗ, ಸಿಗಡಿ ರಫ್ತು. ನಾನು ಒಳನಾಡಿನ ಸಂತೆಗಳಲ್ಲಿ ಮಾರುವ ಒಣ ಸಮುದ್ರಮೀನಿನ ಗುಣಮಟ್ಟ ಎಂದು ಬರೆದುಕೊಂಡು ಹೋಗಿ ಅವರ ಮುಂದಿಟ್ಟೆ.

"ಒಳನಾಡು ಎಂದರೆ ಎಲ್ಲಿ?"

"ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ಅಲ್ಲಿ ಜನ ಮೀನು ತಿನ್ನುವುದುಂಟಾ? ನೋಡಿ, ಸಿಗಡಿ ಮಾಡಿ. ಮುಂದೆ ಕೆಲಸ ಸಿಗ್ತದೆ. ಇದನ್ನು ಓದುವವರು ಯಾರು?"

"ಓದುವವರು ಇಲ್ಲದಿರಬಹುದು ಸರ್. ತಿನ್ನುವವರಿದ್ದಾರೆ."

"ಇಲ್ಲಿ ಮಾರಾಟ ಆಗದ್ದನ್ನು ಒಣಗಿಸಿ ಆ ಕಡೆ ಕಳಿಸುವುದು ಮಾರಾಯ್ತಿ. ಅದರಲ್ಲಿ ಎಂತ ಗುಣಮಟ್ಟ?"

"ಅದನ್ನೇ ನೋಡಬೇಕಾಗಿದೆ ಸರ್," ಎಂದೆ. ಬೇರೆ ವಿಷಯ ಕೊಟ್ಟರೆ ಬಿಟ್ಟು ಹೋಗುತ್ತೇನೆ ಎಂದೂ ಹೇಳಿದೆ. ಬಿಟ್ಟು ಎಲ್ಲಿಗೆ ಹೋಗುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಸಹಿ ಹಾಕಿದರು.

ಹೀಗೆ ನಾನು ಬಿಟ್ಟುಬಂದ ಊರುಗಳಿಗೇ ಮಾದರಿ ಡಬ್ಬಿಗಳನ್ನು ಹಿಡಿದುಕೊಂಡು ತಿರುಗಿ ಹೋದೆ. ಸಿಂದಗಿ ಸಂತೆಯ ಒಂದು ಮೂಲೆಯಲ್ಲಿ, ಹಗ್ಗ-ಮಿಣಿ ಮಾರುವವರ ಆಚೆ, ಒಣಮೀನಿನ ಹೆಂಗಸರು ಕೂಡುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಅವ್ವನ ಪರಿಚಯದವಳು. ನಾನು ಅವಳನ್ನು ಚಿಗವ್ವ ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಇದೇ ಬುಟ್ಟಿಯಿಂದ ಹೆಣ್ಣುಮಕ್ಕಳನ್ನು ದಡ ಹತ್ತಿಸಿದವಳು. ದೊಡ್ಡ ದನಿ, ಬಾಯಿ ತುಂಬ ತಂಬಾಕು.

"ಮೀನ ತಗೊಂಡು ತಿನ್ನಂಗಿಲ್ಲಂತ, ಸುಡಂಗಿಲ್ಲಂತ, ಬಾಟ್ಲ್ಯಾಗ ಹಾಕಿ ನೋಡ್ತಾಳಂತ! ಏನ ಕಲತಿಯವಾ ನೀ?" ಎಂದು ಎಲ್ಲರಿಗೂ ಕೇಳಿಸುವಂತೆ ನಗುತ್ತಿದ್ದಳು. ಆದರೆ ನಾನು ಹೋದಾಗಲೆಲ್ಲ ಒಂದು ಗೋಣಿಚೀಲ ಹಾಸಿ ಕೂರಿಸಿ, ರಾಶಿಯನ್ನು ಕೆದಕಲು ಬಿಡುತ್ತಿದ್ದಳು.

ಆ ರಾಶಿಗಳಲ್ಲಿ ಒಂದು ಇಡೀ ಕಡಲೇ ಇತ್ತು. ಮಿಶ್ರ ಮೀನು ಎಂದು ಅಗ್ಗಕ್ಕೆ ಮಾರುವ ಚೂರುಗಳನ್ನು ನಾನು ಪ್ರಯೋಗಾಲಯದಲ್ಲಿ ನೀರಿಗೆ ಹಾಕಿ ಮೆತ್ತಗೆ ಮಾಡಿ, ಒಂದೊಂದನ್ನೂ ಬಿಡಿಸಿ, ತಲೆಯೊಳಗಿನ ಕಿವಿಕಲ್ಲು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದೆ. ಮೀನಿನ ಜಾತಿ ಯಾವುದು, ಎಷ್ಟು ಎಳೆಯದು ಎಂದು ಆ ಪುಟ್ಟ ಕಲ್ಲು ಹೇಳುತ್ತದೆ. ಕಡಲಿನಲ್ಲಿ ಬಿಟ್ಟಿದ್ದರೆ ಮೊಳಕೈಯುದ್ದ ಬೆಳೆಯುತ್ತಿದ್ದ ಮೀನುಗಳ ಮರಿಗಳು ಅಲ್ಲಿ ಮುಷ್ಟಿಗಟ್ಟಲೆ ಇದ್ದವು. ದೊಡ್ಡ ಬಲೆಗಳು ತಳವನ್ನು ಬಾಚಿ ತಂದವು. ದೊಡ್ಡದು ಹಡಗು ಹತ್ತಿತು, ಮರಿ ಒಣಗಿ ಸಿಂದಗಿಗೆ ಬಂತು. ಇದನ್ನು ನಾನು ಪ್ರಬಂಧದ ಒಂದು ಅಧ್ಯಾಯವಾಗಿ ಬರೆದಾಗ ಮಾರ್ಗದರ್ಶಕರು ಮೊದಲ ಬಾರಿಗೆ ಪುಟದ ಅಂಚಿನಲ್ಲಿ 'ಒಳ್ಳೆಯದು' ಎಂದು ಗೀಚಿದರು.

ಮಾದರಿ ಸಾಗಿಸುವುದು ಮಾತ್ರ ಸುಲಭವಿರಲಿಲ್ಲ. ಒಮ್ಮೆ ಸಿಂದಗಿ ಬಸ್ ನಿಲ್ದಾಣದಲ್ಲಿ ವಿಜಾಪುರದ ಬಸ್ಸು ಹತ್ತಿ, ಟಿಕೀಟು ತೆಗೆದುಕೊಂಡು ಕೂತಿದ್ದೆ. ತೊಡೆಯ ಮೇಲೆ ಡಬ್ಬಿ. ಬಿಗಿ ಮುಚ್ಚಳವಿದ್ದರೂ ಒಣಮೀನು ತನ್ನ ಸುದ್ದಿ ಹೇಳದೆ ಇರುವುದಿಲ್ಲ. ಕಂಡಕ್ಟರ ತಿರುಗಿ ಬಂದ.

"ಏನೈತಿ ಡಬ್ಬ್ಯಾಗ?"

"ಮೀನ್ರಿ. ಸಂಶೋಧನಾಕ್ಕ ಒಯ್ಯಾಕತ್ತೇನಿ."

"ಕೆಳಗ ಇಳಿ. ಇಲ್ಲಂದ್ರ ಡಬ್ಬಿ ಟಾಪಿನ ಮ್ಯಾಲ ಹಾಕು."

"ಟಾಪಿನ ಮ್ಯಾಲ ಬಿಸಲೈತ್ರಿ. ಬಿಸಲಿಗೆ ಇಟ್ರ ಇದರಾಗಿನ ನೀರಿನಂಶ ಬದಲಾಗ್ತೈತಿ. ನಾ ಮಾಡಿದ ಕೆಲಸ ಎಲ್ಲಾ ಹಾಳು."

"ಒಣಮೀನ್ಯಾಗ ಎಲ್ಲಿ ನೀರ ಬೇ? ಇಳಿ ಅಂದ್ರ ಇಳಿ."

ಮುಂದಿನ ಸೀಟಿನ ಒಬ್ಬ ಮನುಷ್ಯ ಹಿಂದಕ್ಕೆ ತಿರುಗಿ, "ಇವರಿಗೆಲ್ಲಾ ಎಷ್ಟು ಕಲಿಸಿದ್ರೂ ಅಷ್ಟ," ಎಂದ. ಬಸ್ಸಿನೊಳಗೆ ಕಣ್ಣಾಡಿಸಿದೆ. ಹಿಂದುಗಡೆ ಒಬ್ಬ ರೈತ ಆಡಿನ ಮರಿಯನ್ನು ಕಾಲ ಸಂದಿಯಲ್ಲಿ ಒತ್ತಿಕೊಂಡು ಕೂತಿದ್ದ. ಅದು ಆಗತಾನೆ ಹಿಕ್ಕೆ ಹಾಕಿತ್ತು. ಬಾಗಿಲ ಬಳಿ ಯಾರದೋ ಸೀಮೆಎಣ್ಣೆ ಡಬ್ಬಿ ಸೋರುತ್ತಿತ್ತು.

"ಆ ಆಡಿನ ಮರಿ ವಾಸನಿ ನಿಮಗ ಅತ್ತರೇನ್ರಿ? ಅದನ್ನ ಇಳಸ್ರಿ ಮೊದಲ. ಆ ಚಿಮಣಿ ಎಣ್ಣಿ ಇಳಸ್ರಿ. ಆಮ್ಯಾಲ ನಾ ಇಳಿತೇನಿ," ಎಂದೆ. "ಟಿಕೀಟ ಕೊಟ್ಟೀರಿ. ಟಿಕೀಟಿನ ಮ್ಯಾಲ ಮೀನದವರು ಹತ್ತಬಾರದು ಅಂತ ಬರದೈತೇನು, ತೋರಸ್ರಿ."

ಆಡಿನ ಒಡೆಯ, "ನನ್ನ ಸುದ್ದಿಗೆ ಯಾಕ ಬರ್ತೀಯವಾ," ಎಂದು ಗೊಣಗಿದ. ಯಾರೋ ನಕ್ಕರು. ಕಂಡಕ್ಟರ ಡಬ್ಬಿಗೆ ಕೈ ಹಾಕಿದ. ನಾನು ಎರಡೂ ತೋಳಿನಿಂದ ಅದನ್ನು ಅಪ್ಪಿ ಹಿಡಿದೆ. ಅಷ್ಟರಲ್ಲಿ ಡ್ರೈವರು ಹಾರ್ನು ಹೊಡೆದು, "ಏ, ಹೊತ್ತಾತು, ಹೊಡಿ ಘಂಟಿ!" ಎಂದು ಕೂಗಿದ. ಬಸ್ಸು ಹೊರಟಿತು. ವಿಜಾಪುರದವರೆಗೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂಡಲಿಲ್ಲ. ಡಬ್ಬಿಯನ್ನು ಅಲ್ಲಿಟ್ಟು ಆರಾಮಾಗಿ ಹೋದೆ.

ಆ ಡಬ್ಬಿಯೇ ನನ್ನ ಸಂಶೋಧನೆಯ ದಿಕ್ಕು ಬದಲಿಸಿತು. ಒಣಮೀನಿಗೆ ಒಂದು ಬಗೆಯ ಕೂದಲು ಹುಳು ಹತ್ತುತ್ತದೆ. ಬೆಳೆದು ಕಪ್ಪು ಜೀರುಂಡೆಯಾಗುವ ಆ ಹುಳು ಮಾಂಸವನ್ನೆಲ್ಲ ತಿಂದು ಮುಳ್ಳು ಉಳಿಸುತ್ತದೆ. ಅದು ಎಷ್ಟು ತಿನ್ನುತ್ತದೆ ಎಂದು ಅಳೆಯಲು ನಾನು ಹುಳುಗಳನ್ನು ಸಾಕಿದ್ದೆ. ಬೇರೆ ಊರಿನ ಮೀನುಗಳ ಮೇಲೆ ಅವು ಕೊಬ್ಬಿ ಬೆಳೆದವು. ಸಿಂದಗಿಯ ಮೀನಿನ ಮೇಲೆ ಬಿಟ್ಟ ಹುಳುಗಳು ಮರುದಿನ ಬೆನ್ನ ಮೇಲೆ ಬಿದ್ದು ಕಾಲು ಮೇಲೆತ್ತಿ ಸತ್ತಿದ್ದವು. ನನ್ನಿಂದಲೇ ತಪ್ಪಾಗಿರಬಹುದೆಂದು ಮತ್ತೆ ಬಿಟ್ಟೆ. ಮತ್ತೆ ಸತ್ತವು. ಭೂತಗನ್ನಡಿ ಹಿಡಿದು ನೋಡಿದಾಗ ಮೀನಿನ ಹೊಟ್ಟೆಯ ಮಡಿಕೆಯಲ್ಲಿ ಬಿಳಿ ಪುಡಿ ಕಂಡಿತು. ಉಪ್ಪಲ್ಲ. ಉಪ್ಪು ನೀರಿನಲ್ಲಿ ಕರಗುತ್ತದೆ, ಅದು ಕರಗಲಿಲ್ಲ.

ಮಾರ್ಗದರ್ಶಕರು ಮಾದರಿಯನ್ನು ದೊಡ್ಡ ಯಂತ್ರವಿದ್ದ ಬೇರೆ ಪ್ರಯೋಗಾಲಯಕ್ಕೆ ಕಳಿಸಿದರು. ಕೀಟನಾಶಕ ಎಂದು ಉತ್ತರ ಬಂತು. ನಾನು ಅದೇ ದಿನ ಊರಿಗೆ ಹೊರಟೆ.

"ತಡೀರಿ. ಮೊದಲು ಪ್ರಬಂಧ ಬರಲಿ, ಆಮೇಲೆ ಜನರಿಗೆ ಹೇಳುವ," ಎಂದರು ಮಾರ್ಗದರ್ಶಕರು.

"ಅಷ್ಟರಲ್ಲಿ ನಮ್ಮವ್ವ ಸಿಂದಗಿಯಿಂದ ತರಿಸಿದ ಮೀನು ತಿಂದು ಮುಗಿಸಿರ್ತಾಳೆ ಸರ್," ಎಂದೆ. ಅವರು ಮತ್ತೆ ತಡೆಯಲಿಲ್ಲ.

ಪುಡಿ ಹೊಡೆಯುತ್ತಿದ್ದವರು ಮಾರುವ ಹೆಂಗಸರಲ್ಲ. ಅವರು ಮಾಲು ತರುತ್ತಿದ್ದುದು ಒಬ್ಬ ಕಾಳಿನ ವ್ಯಾಪಾರಿಯ ಗೋದಾಮಿನಿಂದ. ಮುಂದೆ ತೊಗರಿ, ಜೋಳದ ಚೀಲಗಳು, ಹಿಂದಿನ ಗಲ್ಲಿಯ ಬಾಗಿಲಲ್ಲಿ ಒಣಮೀನು. ನಾನು ನೇರ ಅವನ ಅಂಗಡಿಗೇ ಹೋದೆ. ಆತ ಲೋಡಿಗೆ ಒರಗಿ ಕೂತಿದ್ದ, ಹಣೆಗೆ ವಿಭೂತಿ. ಮಾತು ಒರಟಾಗಿರಲಿಲ್ಲ, ಅದು ಇನ್ನೂ ಕೆಟ್ಟದ್ದು.

"ಹುಳ ಹತ್ತಿದ್ರ ಮಾಲು ಹಾಳಾಗ್ತೈತಿ ತಂಗಿ. ಪುಡಿ ಹೊಡಸ್ತೀವಿ. ಕಾಳಿನ ಚೀಲಕ್ಕೂ ಹೊಡಸ್ತೀವಿ. ಏನಾತೀಗ?"

"ಚೀಲದ ಹೊರಗ ಹೊಡಿಯೂದು ಬ್ಯಾರೆ, ತಿನ್ನೂದರ ಮ್ಯಾಲ ಹೊಡಿಯೂದು ಬ್ಯಾರೆ ಐತ್ರಿ. ಮೀನಿನ ಮೈಯಾಗ ಎಣ್ಣಿ ಇರ್ತೈತಿ. ಆ ಎಣ್ಣಿ ಪುಡೀನ ಹಿಡಕೊಂಡು ಕೂಡ್ತೈತಿ. ತೊಳದ್ರ ಹೋಗಂಗಿಲ್ಲ."

ಆತ ನಕ್ಕ. "ಇದನ್ನ ತಿನ್ನೂ ಮಂದಿ ಎಂತೆಂಥಾದ್ದೋ ತಿಂದು ಅರಗಿಸಿಕೊಂಡಾರ. ಇಷ್ಟು ಪುಡಿ ಅವರಿಗೆ ಏನ ಮಾಡ್ತೈತಿ?"

"ನೀವು ತಿಂತೀರೇನ್ರಿ?"

"ಥೂ! ನಾವ್ಯಾಕ ಮುಟ್ಟೂಣು ಅದನ್ನ?"

"ಮುಟ್ಟಂಗಿಲ್ಲ, ಆದ್ರ ಗೋದಾಮಿನ್ಯಾಗ ಇಡ್ತೀರಿ. ಮಾರಿ ಬಂದ ರೊಕ್ಕಕ್ಕ ವಾಸನಿ ಬರಂಗಿಲ್ಲೇನ್ರಿ ಸಾವ್ಕಾರ್ರ?"

ಆತನ ನಗು ನಿಂತಿತು. ಆಳನ್ನು ಕರೆದು, ಇವಳನ್ನು ಹೊರಗೆ ಕಳಿಸು ಎಂದ. ನಾನೇ ಹೊರಟೆ. ಅಲ್ಲಿಂದ ಆಹಾರ ಕಲಬೆರಕೆಯ ದೂರು ತೆಗೆದುಕೊಳ್ಳುವ ಸರಕಾರಿ ಕಚೇರಿಗೆ ಪ್ರಯೋಗಾಲಯದ ಕಾಗದ ಒಯ್ದೆ. ಅಲ್ಲಿದ್ದ ಅಧಿಕಾರಿ ಕಾಗದ ಓದಿ, ಹಾಲು, ಎಣ್ಣೆ, ಮಿಠಾಯಿಯ ದೂರುಗಳು ಬರುತ್ತವೆ, ಒಣಮೀನಿನ ಬಗ್ಗೆ ಯಾರೂ ದೂರು ಕೊಟ್ಟವರಿಲ್ಲ ಎಂದ. ನಾನು ಕೊಡುತ್ತಿದ್ದೇನಲ್ಲ ಎಂದೆ. ಮೇಲಿನವರಿಗೆ ಬರೆಯುತ್ತೇನೆ ಎಂದು ಕಾಗದವನ್ನು ಫೈಲಿನಡಿ ಸರಿಸಿದ.

ಎಲ್ಲಕ್ಕಿಂತ ಕಷ್ಟವಾದದ್ದು ಚಿಗವ್ವನಿಗೆ ಹೇಳುವುದು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳ ಮುಖ ಕೆಂಪಾಯಿತು.

"ವಿಷಾ ಮಾರ್ತೇನಿ ಅಂತೀಯೇನು ನನಗ? ನಾಳೆ ಮಂದಿ ನನ್ನ ಬುಟ್ಟಿ ಕಡೆ ಹಣಿಕಿ ಹಾಕಂಗಿಲ್ಲ. ನಿನಗ ಡಿಗ್ರಿ ಬರ್ತೈತಿ, ನನ್ನ ಹೊಟ್ಟಿ ಮ್ಯಾಲ ಹೊಡದು ಹೋಗ್ತಿ."

ಅದು ನ್ಯಾಯವಾದ ಮಾತು. ಒಣಮೀನು ಎಂದರೆ ವಿಷ ಎಂದು ಸುದ್ದಿ ಹಬ್ಬಿದರೆ ಮೂಗು ಮುಚ್ಚಿಕೊಳ್ಳುವವರಿಗೆ ಹಬ್ಬ. ಎರಡು ಗಾಜಿನ ಬಾಟಲಿಗಳನ್ನು ಅವಳ ಮುಂದಿಟ್ಟೆ. ಒಂದರಲ್ಲಿ ನಾನು ಕರಾವಳಿಯಿಂದ ತಂದ ಮೀನು, ಇನ್ನೊಂದರಲ್ಲಿ ಅವಳದೇ ಬುಟ್ಟಿಯದು. ಎರಡರಲ್ಲೂ ನಾನು ಸಾಕಿ ತಂದಿದ್ದ ಜೀವಂತ ಹುಳು ಬಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದೆ.

"ನಾ ಹೇಳೂದು ಕೇಳಬ್ಯಾಡ ಚಿಗವ್ವ. ನೀನ ನೋಡು," ಎಂದು ಹೇಳಿ ಇಂಡಿಗೆ ಹೋದೆ. ಅಪ್ಪ ಆಗ ನಿವೃತ್ತನಾಗಿ ಅಲ್ಲಿದ್ದ.

ಮುಂದಿನ ಸಂತೆಗೆ ಮೊದಲೇ ಅವಳು ಬಸ್ಸು ಹತ್ತಿ ನಮ್ಮ ಮನೆಗೇ ಬಂದಳು. ಸೆರಗಿನಲ್ಲಿ ಸುತ್ತಿ ತಂದಿದ್ದ ಬಾಟಲಿಗಳನ್ನು ಅವ್ವನ ಮುಂದಿಟ್ಟು, "ನೋಡಬೇ, ಇದರಾಗ ಓಡ್ಯಾಡಾಕತ್ತಾವು, ಇದರಾಗ ಸತ್ತಾವು. ಇಷ್ಟು ದಿನ ನನ್ನ ಮೊಮ್ಮಕ್ಕಳಿಗೂ ಇದನ್ನ ತಿನಸೇನಿ," ಎಂದು ಹಣೆ ಬಡಿದುಕೊಂಡಳು. ಆಮೇಲೆ ಕಣ್ಣೊರೆಸಿ, "ಬರೇ ಹೇಳಿದ್ರ ಆಗಂಗಿಲ್ಲ. ಒಳ್ಳೆ ಮಾಲು ಎಲ್ಲಿ ಸಿಗ್ತೈತಿ, ಅದನ್ನ ಹೇಳು," ಎಂದಳು.

ಕರಾವಳಿಯ ಒಂದು ಊರಿನಲ್ಲಿ ಮೀನುಗಾರ ಹೆಂಗಸರ ಸಂಘವಿತ್ತು. ಅವರು ಮೀನನ್ನು ಮರಳಿನ ಮೇಲೆ ಹರಡದೆ, ಬಿದಿರಿನ ಅಟ್ಟಣಿಗೆಯ ಮೇಲೆ ಬಲೆ ಹಾಸಿ, ಸರಿಯಾಗಿ ಉಪ್ಪು ಹಿಡಿಸಿ ಒಣಗಿಸುತ್ತಿದ್ದರು. ಪುಡಿಯ ಹಂಗಿಲ್ಲ. ಮಾರ್ಗದರ್ಶಕರಿಗೆ ಟೆಲಿಫೋನು ಮಾಡಿ ಬೇಡಿಕೊಂಡೆ. ಅವರೇ ಆ ಊರಿಗೆ ಹೋಗಿ ಮಾತಾಡಿ, ಹುಬ್ಬಳ್ಳಿ ಮಾರ್ಗದ ಲಾರಿಗೆ ಮೂಟೆ ಹಾಕಿಸಿದರು. ಒಣಮೀನಿಗೆ ಗುಣಮಟ್ಟ ಎಂತದ್ದು ಎಂದಿದ್ದ ಮನುಷ್ಯ ತಾವೇ ಚೀಲದ ಬಾಯಿ ಹೊಲಿಸಿದ್ದರಂತೆ.

ಮಾಲು ಬಂದ ಮೇಲಿನ ಸಂತೆಯಂದು ನಾವು ಎರಡೂ ಬಾಟಲಿಗಳನ್ನು ಒಂದು ಸ್ಟೂಲಿನ ಮೇಲೆ ಇಟ್ಟು ನಿಂತೆವು. ಅಪ್ಪನನ್ನು ಬರಬೇಡ ಎಂದಿದ್ದೆ. ಆದರೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಜನ ಬಾಟಲಿಗಳನ್ನು ನೋಡಿ ಮುಂದೆ ಹೋಗುತ್ತಿದ್ದರು, ನನ್ನ ದನಿ ಆ ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಆಗ ಅಪ್ಪ ಗಂಟಲು ಸರಿಮಾಡಿಕೊಂಡು, ಮಕ್ಕಳಿಗೆ ಮಗ್ಗಿ ಹೇಳಿಸುವ ದನಿಯಲ್ಲಿ ಶುರು ಮಾಡಿದ.

"ಇಲ್ಲೆ ಬರ್ರಿ! ನಾನೂ ಒಣಮೀನ ತಿನ್ನೂ ಮನುಷ್ಯಾನ. ಹುಟ್ಟಿದಾಗಿಂದ ತಿಂದೇನಿ, ಸಾಯೂತನಕ ತಿಂತೇನಿ. ಆದ್ರ ಯಾವುದು ತಿನ್ನಬೇಕು, ಯಾವುದು ತಿನ್ನಬಾರದು ನೋಡ್ರಿ ಇಲ್ಲೆ!"

ಅವ್ವ ನನ್ನ ಕೈ ಹಿಡಿದು ಹಿಸುಕಿದಳು. ಅವಳೂ ಈ ಮನುಷ್ಯನನ್ನು ಮೊದಲು ನೋಡಿರಲಿಲ್ಲ.

ಜನ ಸೇರಿದರು. ಎತ್ತಿ ನೋಡಿದರು, ಅಲುಗಿಸಿ ನೋಡಿದರು. ವ್ಯಾಪಾರಿಯ ಆಳೊಬ್ಬ ಬಂದು, "ಹುಳ ಹ್ಯಾಂಗಿದ್ರೂ ಸಾಯ್ತಾವು, ಇವರ ಮಾತ ಕೇಳಬ್ಯಾಡ್ರಿ," ಎಂದು ಕೂಗಿದ. ಚಿಗವ್ವ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಎದ್ದಳು. ಉಳಿದಿದ್ದ ಹಳೆಯ ಮಾಲಿನ ಬುಟ್ಟಿಯನ್ನು ತಲೆಗೇರಿಸಿ, ಗುಂಪನ್ನು ಸೀಳಿಕೊಂಡು ನೇರ ಆ ಅಂಗಡಿಗೆ ಹೋದಳು. ಜೋಳದ ಚೀಲಗಳ ಮುಂದೆ, ತೊಳೆದು ರಂಗೋಲಿ ಹಾಕಿದ ಕಲ್ಲಿನ ಮೇಲೆ ಬುಟ್ಟಿಯನ್ನು ಬೋರಲು ಹಾಕಿದಳು.

"ನಿಮ್ಮ ಮಾಲು ನಿಮಗ ಸಾವ್ಕಾರ್ರ. ಹುಳ ಸುದ್ದಾ ತಿನ್ನಂಗಿಲ್ಲ ಇದನ್ನ. ನನ್ನ ಮಂದಿಗೆ ನಾ ಮಾರಂಗಿಲ್ಲ."

ಅವಳ ಹಿಂದೆ ಉಳಿದ ಹೆಂಗಸರೂ ಬಂದರು. ಒಬ್ಬೊಬ್ಬರ ಬುಟ್ಟಿ ಬೋರಲು ಬೀಳುತ್ತಿದ್ದ ಹಾಗೆ ಅಂಗಡಿಯ ಕಲ್ಲು ಕಾಣದಾಯಿತು. ಆ ಬಿಸಿಲಿಗೆ ವಾಸನೆ ಬೀದಿಯ ಉದ್ದಕ್ಕೂ ಎದ್ದಿತು. ಸಾವ್ಕಾರ ಮೂಗಿಗೆ ಪಂಚೆ ಹಿಡಿದುಕೊಂಡು ಒಳಗೆ ಹೋದ. ಅಂದಿನಿಂದ ಆತನ ಹಿಂದಿನ ಬಾಗಿಲಿಗೆ ಬೀಗ ಬಿತ್ತು. ಆ ಕಚೇರಿಯವರು ಮಾತ್ರ ಎಲ್ಲ ಮುಗಿದ ಮೇಲೆ ಒಂದು ದಿನ ಜೀಪಿನಲ್ಲಿ ಬಂದು ಖಾಲಿ ಗೋದಾಮು ನೋಡಿಕೊಂಡು ಹೋದರಂತೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧವನ್ನು ತಿರುವಿ ಹಾಕಿ, ಇದರಿಂದ ದೇಶದ ರಫ್ತಿಗೆ ಏನು ಲಾಭ ಎಂದು ಕೇಳಿದರು.

"ಏನೂ ಇಲ್ಲ ಸರ್," ಎಂದೆ.

"ಮತ್ತೆ ಯಾಕೆ ಮಾಡಿದ್ದು?"

"ರಫ್ತಾಗುವ ಮೀನನ್ನು ಪರೀಕ್ಷಿಸಲು ಅದನ್ನು ತಿನ್ನುವ ದೇಶಗಳಿವೆ ಸರ್. ಅವರು ಒಂದು ಡಬ್ಬಿ ಸರಿಯಿಲ್ಲ ಎಂದರೆ ಇಡೀ ಹಡಗು ವಾಪಸು ಬರುತ್ತದೆ. ನಮ್ಮ ಸಂತೆಯ ಮೀನನ್ನು ಇದುವರೆಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ."

ಅವರು ನನ್ನ ಮಾರ್ಗದರ್ಶಕರ ಕಡೆ ನೋಡಿದರು. ಮಾರ್ಗದರ್ಶಕರು ಕಿಟಕಿಯ ಕಡೆ ನೋಡುತ್ತಿದ್ದರು, ಆದರೆ ನಗುತ್ತಿದ್ದರು. ನನಗೆ ಪದವಿ ಸಿಕ್ಕಿತು. ಆಮೇಲೆ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿ ಎಲ್ಲರೂ ಸಿಗಡಿಯ ಮೇಲೆಯೇ ಕೆಲಸ ಮಾಡುತ್ತಿದ್ದರು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾನು ರಜೆ ಸಿಕ್ಕಾಗಲೆಲ್ಲ ಬೇರೆ ಸಂತೆಗಳಿಗೂ ಹೋದೆ. ಮುದ್ದೇಬಿಹಾಳದಲ್ಲಿ ಮಾಲು ಚೊಕ್ಕಟವಿತ್ತು. ತಾಳಿಕೋಟೆಯಲ್ಲಿ ಇರಲಿಲ್ಲ. ಅಲ್ಲಿ ಬಾಟಲಿ ಇಟ್ಟುಕೊಂಡು ನಿಂತಾಗ ಒಬ್ಬ ವ್ಯಾಪಾರಿ ಅದನ್ನು ನನ್ನ ಕೈಯಿಂದ ಕಸಿದು ರಸ್ತೆಗೆ ಒಗೆದ. ಗಾಜು ಚೂರಾಗಿ, ಹುಳುಗಳು ಸಂತೆಯವರ ಚಪ್ಪಲಿಗಳ ನಡುವೆ ಓಡಿದವು. ಸುತ್ತಲಿನವರು ನಕ್ಕರು. ಮೀನಿನ ಹುಳದ ಅಕ್ಕ ಎಂದು ಯಾರೋ ಕೂಗಿದರು.

ಮುಂದಿನ ವಾರ ಅದೇ ಜಾಗದಲ್ಲಿ ನಿಂತೆ. ಈ ಸಲ ಒಡೆಯದ ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ.